ಚೆನ್ನಾಗಿ ಸೋತವಳು

ಬಟ್ಟೆ ಗಿರಣಿಯ ಕೆಲಸಗಾರರ ವಠಾರದಲ್ಲಿ ಟೇಬಲ್ ಟೆನಿಸ್ ಆಡಲು ಒಂದು ಸಿಮೆಂಟಿನ ಮೇಜಿತ್ತು, ಬಲೆಯ ಬದಲು ಇಟ್ಟಿಗೆಯ ಸಾಲು. ಗೆದ್ದವರು ಆಡುತ್ತಲೇ ಇರಬಹುದು. ಸೋತವರು ಸರದಿಯ ಕೊನೆಗೆ ಹೋಗಿ ಚಳಿಯಲ್ಲಿ ನಡುಗಬೇಕು. ವಠಾರದ ಹುಡುಗಿ ತಾನ್ ಸುಯುವೆಗೆ ಚಳಿ ಆಗುತ್ತಿರಲಿಲ್ಲ, ಸೋತರಲ್ಲವೇ ಆಗುವುದು. ಹನ್ನೊಂದು ವರ್ಷಕ್ಕೇ ಪ್ರಾಂತ್ಯದ ಟೇಬಲ್ ಟೆನಿಸ್ ತಂಡದವರು ಬಂದು ಅವಳನ್ನು ಕರೆದೊಯ್ದರು. ಅವಳ ತಾಯಿ ಖುಷಿಗೆ ಗಿರಣಿಯಲ್ಲೆಲ್ಲ ಹುರಿದ ಸೂರ್ಯಕಾಂತಿ ಬೀಜ ಹಂಚಿದಳು.

ತಂಡದ ಹಾಸ್ಟೆಲಿನಲ್ಲಿ ಅವಳ ಜೊತೆಗಾತಿ ರುವಾನ್ ಲಿಚ್ಯು, ಎರಡು ವರ್ಷ ಚಿಕ್ಕವಳು. ಅವಳ ಬ್ಯಾಟಿಗೆ ಮುಳ್ಳುಮುಳ್ಳಾದ ರಬ್ಬರು. ಚೆಂಡು ತೂರಾಡುತ್ತ ಬಂದು ಎದುರಿನವರನ್ನು ಕಂಗೆಡಿಸುತ್ತಿತ್ತು. ಸುಯುವೆಯನ್ನು ಬಿಟ್ಟು. ಇಬ್ಬರೂ ಒಂದೇ ತಟ್ಟೆಯಲ್ಲಿ ಕಡುಬು ತಿಂದು ಬೆಳೆದವರು.

ರಾಷ್ಟ್ರೀಯ ಪಂದ್ಯದ ಸೆಮಿಫೈನಲಿನಲ್ಲಿ ಇವರಿಬ್ಬರೇ ಎದುರುಬದುರಾದರು. ಹಿಂದಿನ ಸಂಜೆ ಕೋಚ್ ಗೆಂಗ್ ಸುಯುವೆಯನ್ನು ಕರೆದರು.

"ನಾಳೆ ನೀನು ಲಿಚ್ಯುಗೆ ಬಿಟ್ಟುಕೊಡು. ಆ ಕಡೆಯಿಂದ ಫೈನಲ್‌ಗೆ ಬರೋಳಿಗೆ ಇವಳ ಚೆಂಡು ಅರ್ಥ ಆಗಲ್ಲ. ಚಿನ್ನ ನಮ್ಮ ತಂಡಕ್ಕೇ."

ಇದೇನು ಹೊಸದಲ್ಲ, ತಂಡದಲ್ಲಿ ನಡೆದುಬಂದ ಪದ್ಧತಿ.

"ಮತ್ತೆ ನಾನು?"

"ಮುಂದಿನ ವರ್ಷ ವಿಶ್ವಪಂದ್ಯಕ್ಕೆ ಆರಿಸೋನು ನಾನೇ ಅಲ್ವಾ? ನಿನ್ನ ಹೆಸರೇ ಮೊದಲು. ಆದ್ರೆ ನೋಡೋರಿಗೆ ಒಂಚೂರೂ ಅನುಮಾನ ಬರಬಾರದು. ಮನೆಯವರಿಗೂ ಹೇಳಕೂಡದು."

ಆ ರಾತ್ರಿ ವಿಷಯ ತಿಳಿದ ಲಿಚ್ಯು ಅವಳ ಕೈ ಹಿಡಿದುಕೊಂಡು ಅತ್ತಳು. "ಸಾಯೋವರೆಗೂ ಮರೆಯಲ್ಲ ಅಕ್ಕ."

ಹುಚ್ಚು ಹುಡುಗಿ ಸುಯುವೆ, ಗೆಲ್ಲುವುದರಲ್ಲಿ ತೋರಿಸುತ್ತಿದ್ದ ಶ್ರದ್ಧೆಯನ್ನೇ ಸೋಲುವುದರಲ್ಲೂ ತೋರಿಸಿದಳು. ಮೊದಲ ಗೇಮ್ ಗೆದ್ದಳು. ಆಮೇಲೆ ಚೆಂಡನ್ನು ಮೇಜಿನ ಅಂಚಿನಿಂದ ಕೂದಲೆಳೆಯಷ್ಟು ಆಚೆ ಹೊಡೆಯುತ್ತ, ತಲೆ ಚಚ್ಚಿಕೊಳ್ಳುತ್ತ, ಮೂರು ಗೇಮ್ ಸೋತಳು. ಗಿರಣಿಯ ಧ್ವನಿವರ್ಧಕದಲ್ಲಿ ಪಂದ್ಯದ ವಿವರಣೆ ಕೇಳುತ್ತಿದ್ದ ತಾಯಿಯೂ ನಂಬಿಬಿಟ್ಟಳು. "ಆ ಹುಡುಗಿ ನಿನಗಿಂತ ಗಟ್ಟಿ ಕಣೇ," ಎಂದಳು ಹಬ್ಬಕ್ಕೆ ಮನೆಗೆ ಬಂದ ಮಗಳಿಗೆ. ಸುಯುವೆ ಅವ್ವನ ತಟ್ಟೆಗೆ ಕಡುಬು ಬಡಿಸಿದಳು. ವರ್ಷ ಕಳೆಯಲಿ, ಅವ್ವನಿಗೆ ಗೊತ್ತಾಗುತ್ತದೆ ಎಂದುಕೊಂಡಳು.

ವರ್ಷ ಕಳೆಯಿತು. ಆಯ್ಕೆಯ ದಿನ ಗೆಂಗ್ ದೊಡ್ಡವರ ಸಾಲಿನಲ್ಲಿ ಕೂತಿದ್ದರು.

"ಲಿಚ್ಯು ಎದುರು ಮೂರು-ಒಂದರಲ್ಲಿ ಸೋತೋಳು ನೀನು. ನಿನ್ನನ್ನ ಹೇಗಮ್ಮ ಕಳಿಸೋದು?"

"ನೀವೇ ತಾನೇ ಸೋಲು ಅಂದಿದ್ದು?"

ಗೆಂಗ್ ಚಹಾ ಲೋಟದ ಮುಚ್ಚಳ ತಿರುಗಿಸಿದರು. "ನಾನಾ? ಆ ಆಟ ದೇಶವೇ ನೋಡಿದೆ. ಬೇಕಿದ್ರೆ ಇವಳನ್ನೇ ಕೇಳೋಣ."

ಪಕ್ಕದಲ್ಲಿದ್ದ ಲಿಚ್ಯು ತಲೆ ಎತ್ತಲಿಲ್ಲ. "ನಾನು ಆಡಿ ಗೆದ್ದಿದ್ದು."

ಏರಿದ ಮೇಲೆ ಏಣಿ ಒದೆಯುವವರನ್ನು ಕಂಡಿದ್ದೇವೆ. ಇವಳು ಏಣಿಯೇ ಇರಲಿಲ್ಲ ಎಂದಳು. ಲಿಚ್ಯು ವಿಶ್ವಪಂದ್ಯಕ್ಕೆ ಹೋಗಿ ಚಿನ್ನ ತಂದಳು. ಸುಯುವೆ ಊರಿಗೆ ಮರಳಿ ಮಕ್ಕಳ ಕ್ರೀಡಾಶಾಲೆ ಸೇರಿದಳು. ತಾಯಿಗೆ ನಡೆದದ್ದನ್ನೆಲ್ಲ ಹೇಳಿದಳು. ತಾಯಿ ಹಿಟ್ಟು ನಾದುತ್ತಲೇ ಅಂದಳು: "ಸೋತೋರೆಲ್ಲ ಹೇಳೋದು ಇದನ್ನೇ ಮಗಳೇ."

ಆ ಮಾತು ಅವಳನ್ನು ಇಪ್ಪತ್ತು ವರ್ಷ ಸುಟ್ಟಿತು. ಲೋಕ ಹಾಳಾಗಲಿ, ಅವ್ವ ಒಬ್ಬಳು ನಂಬಿದ್ದರೆ ಸಾಕಿತ್ತು.

ಶಾಲೆಯ ಹೊಸ ಒಳಾಂಗಣ ಕ್ರೀಡಾಂಗಣ ಉದ್ಘಾಟಿಸಲು ಲಿಚ್ಯು ಬಂದಳು. ಹಳೆಯ ಗೆಳತಿಯರು ಒಂದು ಗೇಮ್ ಆಡಲಿ ಎಂದು ಎಲ್ಲರೂ ಒತ್ತಾಯಿಸಿದರು. ಮುಪ್ಪಾದ ತಾಯಿ ಮುಂದಿನ ಸಾಲಿನಲ್ಲೇ ಇದ್ದಳು. ಇವತ್ತು ಅವ್ವ ಕಣ್ಣಾರೆ ನೋಡಲಿ ಎಂದು ಸುಯುವೆ ಬ್ಯಾಟ್ ಹಿಡಿದಳು. ಲಿಚ್ಯು ನಗುತ್ತಲೇ ಶುರುಮಾಡಿದವಳು ಬೇಗನೆ ನಗು ಮರೆತಳು, ತುಟಿ ಕಚ್ಚಿದಳು, ಬೆವರಿದಳು, ಒಂದೊಂದು ಚೆಂಡಿಗೂ ಜೀವ ಒತ್ತೆಯಿಟ್ಟವಳಂತೆ ಓಡಿದಳು. ಆದರೂ ಇಪ್ಪತ್ತೊಂದು-ಹದಿನೈದಕ್ಕೆ ಸೋತಳು. ಸುಯುವೆ ತಾಯಿಯ ಕಡೆ ತಿರುಗಿದಳು.

ಅಷ್ಟರಲ್ಲಿ ಲಿಚ್ಯು ಮೈಕ್ ಹಿಡಿದು, ಸುಯುವೆಯ ಹೆಗಲ ಮೇಲೆ ಕೈ ಹಾಕಿ ನಕ್ಕಳು. "ಅಕ್ಕನ ಊರಲ್ಲಿ, ಅಕ್ಕನ ಶಾಲೆ ಮಕ್ಕಳ ಮುಂದೆ ಅವಳನ್ನ ಸೋಲಿಸೋಕೆ ನನಗೆ ಮನಸ್ಸಾದ್ರೂ ಹೇಗೆ ಬರುತ್ತೆ, ಹೇಳಿ?"

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ತಾಯಿಯೂ ತಟ್ಟಿದಳು, ಕಣ್ಣೊರೆಸಿಕೊಂಡಳು, ಮಗಳನ್ನು ಹತ್ತಿರ ಕರೆದಳು.

"ಎಂಥ ದೊಡ್ಡ ಮನಸ್ಸು ನೋಡೇ ಅವಳ್ದು. ಇನ್ನಾದ್ರೂ ಅವಳ ಮೇಲಿನ ಸಿಟ್ಟು ಬಿಡು."