ಕೆನೆ ಕಟ್ಟದ ಹಾಲು

ನನ್ನ ತಮ್ಮ ಈಗ ನಮ್ಮ ಮನೆಯಲ್ಲಿ ಊಟ ಮಾಡುವುದಿಲ್ಲ. ವಿಜಯಪುರದಿಂದ ಬಬಲೇಶ್ವರ ಹಾಯ್ದು ನಿಡೋಣಿಗೆ ಬರುತ್ತಾನೆ, ಕಟ್ಟೆಯ ಮೇಲೆ ಕೂಡುತ್ತಾನೆ, ನೀರು ಕುಡಿದು ಎಲ್ಲರನ್ನೂ ನಗುನಗುತ್ತ ಮಾತನಾಡಿಸುತ್ತಾನೆ. ರೊಟ್ಟಿ ಬಡಿಯಲೇ ಎಂದರೆ ಹೊಟ್ಟೆ ತುಂಬಿದೆ ಎನ್ನುತ್ತಾನೆ. ಬಸ್ಸಿನಲ್ಲಿ ಕುಳಿತು ಬಂದವನ ಹೊಟ್ಟೆ ಹೇಗೆ ತುಂಬಿತು ಎಂದು ಕೇಳಬೇಕಾದವಳು ನಾನು. ಕೇಳುವುದಿಲ್ಲ. ನಾನು ಮಾಡಿದ ಮೋಸ ಅವನಿಗೆ ಗೊತ್ತು; ಅವನಿಗೆ ಗೊತ್ತಿದೆ ಎಂಬುದು ನನಗೂ ಗೊತ್ತು. ಮನೆಯಲ್ಲಿ ಉಳಿದವರಿಗೆ ಅದು ಮೋಸವೆಂದು ಅನ್ನಿಸಿಯೇ ಇಲ್ಲ.

ನಮ್ಮ ತವರು ತಿಕೋಟಾ ಕಡೆಯ ಘೋಣಸಗಿ. ನಾಲ್ಕನೆಯ ಇಯತ್ತೆಗೆ ನಾನು ಶಾಲೆ ಬಿಟ್ಟೆ. ಅವ್ವ ಹೊಲಕ್ಕೆ ಹೋದರೆ ತಮ್ಮನನ್ನು ಎತ್ತಿಕೊಳ್ಳುವವರು ಬೇಕಿತ್ತು, ಎಮ್ಮೆ ಹಿಂಡುವವರೂ ಬೇಕಿತ್ತು. ಎರಡೂ ನನ್ನ ಪಾಲಿಗೆ ಬಂದವು. ಬೇಸರವೇನೂ ಇರಲಿಲ್ಲ. ಮೊದಲ ನೊರೆಹಾಲನ್ನು ಅವನ ಬಾಯಿಗೇ ಹಿಂಡುತ್ತಿದ್ದೆ, ಅವನು ಮೂಗೆಲ್ಲ ಬೆಳ್ಳಗೆ ಮಾಡಿಕೊಂಡು ನಗುತ್ತಿದ್ದ.

ಅವನು ಶಾಲೆಗೆ ಹೋಗತೊಡಗಿದ ಮೇಲೆ ಒಂದು ಚಳಿಗಾಲದಲ್ಲಿ ಎಮ್ಮೆಯ ಕರು ಸತ್ತಿತು. ಕರು ಮುಂದೆ ಇಲ್ಲದಿದ್ದರೆ ಎಮ್ಮೆ ತೊರೆ ಬಿಡುವುದಿಲ್ಲ. ಕೆಚ್ಚಲು ತುಂಬಿದ್ದರೂ ಹಾಲನ್ನು ಮೇಲಕ್ಕೆಳೆದುಕೊಂಡು ನಿಂತುಬಿಡುತ್ತದೆ. ಅದಕ್ಕೆ ಸತ್ತ ಕರುವಿನ ತೊಗಲು ಸುಲಿಸಿ, ಒಳಗೆ ಹೊಟ್ಟು ತುಂಬಿ ಹೊಲಿದು, ಹಿಂಡುವಾಗ ಎಮ್ಮೆಯ ಮುಂದೆ ಹಿಡಿಯುತ್ತಿದ್ದರು. ಆಗ ಅದು ಎಲ್ಲರ ಮನೆಯ ಪದ್ಧತಿ. ನಮ್ಮಲ್ಲಿ ಹಿಂಡುವವಳು ನಾನು, ಹಿಡಿಯುವವನು ತಮ್ಮ.

ಎಮ್ಮೆ ಆ ತೊಗಲನ್ನು ನೆಕ್ಕುತ್ತಿತ್ತು. ಕಣ್ಣು ಮುಚ್ಚಿ ನೆಕ್ಕುತ್ತ ನೆಕ್ಕುತ್ತ, ತೊಗಲು ಹಿಡಿದಿದ್ದ ಅವನ ಮುಂಗೈಯನ್ನೂ ನೆಕ್ಕುತ್ತಿತ್ತು. ಎರಡು ಮೂರು ದಿನ ಅವನು ಸುಮ್ಮನೆ ಹಿಡಿದ. ಆಮೇಲೆ ಒಂದು ಮುಂಜಾನೆ ಮೆಲ್ಲಗೆ ಕೇಳಿದ.

“ಯಕ್ಕಾ, ಇದಕ್ಕ ಗೊತ್ತಿಲ್ಲೇನ?”

“ಗೊತ್ತಾದ್ರ ಹಾಲ ಕೊಡತೈತೇನ? ಸುಮ್ಕ ಹಿಡಿ.”

ಅವನು ಹಿಡಿದ. ನಾನು ಹಿಂಡಿದೆ. ಅಂದು ಮಧ್ಯಾಹ್ನ ಮಜ್ಜಿಗೆ ಬಡಿಸಿದರೆ ತಾಟಿನ ಮೇಲೆ ಕೈ ಅಡ್ಡ ಹಿಡಿದ. ಹಾಲಿಲ್ಲ, ಮೊಸರಿಲ್ಲ, ರೊಟ್ಟಿಯ ಮೇಲೆ ಬೆಣ್ಣೆಯಿಲ್ಲ. ಎಂಟು ದಿನದ ಹಟ, ಹಸಿದರೆ ತಾನೇ ತಿನ್ನುತ್ತಾನೆ ಎಂದು ಅಪ್ಪ ನಕ್ಕ. ಅವನು ತಿನ್ನಲಿಲ್ಲ. ಇಂದಿಗೂ ತಿಂದಿಲ್ಲ, ನಾನು ತಿನ್ನಿಸಿದ ಒಂದು ಸಲ ಬಿಟ್ಟರೆ.

ಅವ್ವ ಮಾತ್ರ ಅವನನ್ನು ನೋಡಿ ನಗಲಿಲ್ಲ. ನಮ್ಮ ಹೊಲದಲ್ಲಿ ಜೋಳದ ಸುತ್ತ ಕುಸುಬಿ ಸಾಲು ಇರುತ್ತಿತ್ತು. ಮುಳ್ಳಿನ ಗಿಡ, ದನ ಒಳಗೆ ಬರುವುದಿಲ್ಲ ಎಂದು ಬೇಲಿಯ ಹಾಗೆ ಬಿತ್ತುತ್ತಿದ್ದರು. ಆ ಕುಸುಬಿ ಕಾಳನ್ನು ಅವ್ವ ನೆನೆಹಾಕಿ, ಒರಳಲ್ಲಿ ಕುಟ್ಟಿ, ನೀರು ಬೆರೆಸಿ ಅರಿವೆಯಲ್ಲಿ ಹಿಂಡುತ್ತಿದ್ದಳು. ಬೆಳ್ಳನೆಯ ಹಾಲು ಬರುತ್ತಿತ್ತು. ಕುಟ್ಟಿದ ಗೋಧಿಗೆ ಆ ಹಾಲು, ಬೆಲ್ಲ, ಒಂದಿಷ್ಟು ಗಸಗಸೆ ಹಾಕಿ ಹುಗ್ಗಿ ಮಾಡಿ ಅವನ ಮುಂದೆ ಇಡುತ್ತಿದ್ದಳು.

“ನಿನ್ನ ಎಮ್ಮಿ ಹೊಲದಾಗ ನಿಂತೈತಿ ನೋಡಪಾ,” ಎನ್ನುತ್ತಿದ್ದಳು. “ಹಿಂಡಾಕ ಹೋದ್ರ ಚುಚ್ಚತೈತಿ, ಖರೆ ಒದಿಯಂಗಿಲ್ಲ.”

ಆಗ ನಮ್ಮ ಮನೆಯಲ್ಲಿ ಏನು ಬೇಯುತ್ತಿತ್ತೋ ಅದೆಲ್ಲ ಮಾಳಿಗೆ ಹತ್ತಿದರೆ ಕಾಣುವಷ್ಟು ನೆಲದಲ್ಲಿ ಬೆಳೆದದ್ದು. ಜೋಳ, ತೊಗರಿ, ಶೇಂಗಾ, ಗುರೆಳ್ಳು, ಗಾಣಕ್ಕೆ ಕುಸುಬಿ. ಅದನ್ನು ಒಂದು ಸಂಗತಿಯೆಂದು ಯಾರೂ ಎಣಿಸುತ್ತಿರಲಿಲ್ಲ. ಈಗ ನನ್ನನ್ನು ಕೊಟ್ಟ ಊರು ನಿಡೋಣಿಯಲ್ಲಿ ನಮ್ಮ ಹೊಲಕ್ಕೆ ಕಾಲುವೆ ನೀರು ಬಂದಿದೆ, ಕಬ್ಬು ಇದೆ, ದ್ರಾಕ್ಷಿ ಇದೆ. ಎಣ್ಣೆ ಡಬ್ಬಿಯಲ್ಲಿ ಬರುತ್ತದೆ. ನಮ್ಮ ಎಮ್ಮೆಯ ಹಾಲು ಕ್ಯಾನಿನಲ್ಲಿ ಹೋಗಿ, ಎಲ್ಲೆಲ್ಲಿಯದೋ ಹಾಲಿನ ಜೊತೆ ಕೂಡಿ, ಪಾಕೀಟಾಗಿ ಬಬಲೇಶ್ವರದ ಅಂಗಡಿಗೆ ಮರಳಿ ಬರುತ್ತದೆ. ಕುಸುಬಿ ಬಿತ್ತಿ ಮುಳ್ಳು ಯಾರು ಚುಚ್ಚಿಸಿಕೊಳ್ಳಬೇಕು?

ಅವ್ವ ತೀರಿಕೊಂಡ ಮೇಲೆ ತಮ್ಮನಿಗೆ ತವರು ಎಂದರೆ ನಾನೇ ಆದೆ. ಗಂಡುಮಗನಿಗೆ ಎಂಥ ತವರು ಎಂದು ನಗಬೇಡಿ, ಅವನಿಗೂ ಒಂದು ಬೇಕಿತ್ತು. ವಿಜಯಪುರದಲ್ಲಿ ಅವನದು ನೀರೆತ್ತುವ ಮೋಟಾರು ರಿಪೇರಿ ಮಾಡುವ ಅಂಗಡಿ. ಬಿಡುವಾದಾಗ ಬರುತ್ತಿದ್ದ. ನಾನು ಅವನಿಗೆ ಬೇರೆ ಪಾತ್ರೆ, ಬೇರೆ ಒಗ್ಗರಣೆ ಇಡುತ್ತಿದ್ದೆ. ನಮ್ಮ ಅತ್ತೆಗೆ ಅದು ಕಣ್ಣಿಗೆ ಚುಚ್ಚುತ್ತಿತ್ತು. ಅವರದು ಎಮ್ಮೆ ಕಟ್ಟಿ ಹೈನು ಮಾಡಿದ ಮನೆ. ಬಂದವರಿಗೆ ಕೆನೆಮೊಸರು ಬಡಿಸುವುದೇ ಅವರ ಹೆಮ್ಮೆ.

“ನಿನ್ನ ತಮ್ಮಗ ನಮ್ಮ ಎಮ್ಮಿ ಏನ ಮಾಡೇತ ಬೇ? ಗುದ್ದೇತೇನ?” ಎಂದು ಒಮ್ಮೆ ಕೇಳಿದರು. ಎಲ್ಲರೂ ನಕ್ಕರು. ತಮ್ಮನೂ ನಕ್ಕ. ನನಗೆ ಮಾತ್ರ ನಗು ಬರಲಿಲ್ಲ, ನಾಚಿಕೆಯಾಯಿತು. ಅವನಿಂದಾಗಿ ಅಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅವನಿಂದಾಗಿಯೇ.

ಎರಡು ವರ್ಷದ ಹಿಂದೆ ಎಳ್ಳಮಾವಾಸ್ಯೆಗೆ ಬರುತ್ತೇನೆಂದು ಅವನು ಮೊದಲೇ ಫೋನು ಮಾಡಿದ. “ಯಕ್ಕಾ, ಅವ್ವನ ಹುಗ್ಗಿ ಮಾಡ್ತಿಯೇನ?” ಎಂದು ಕೇಳಿದ. ಮಾಡುತ್ತೇನೆ ಎಂದೆ. ಮನೆಯಲ್ಲಿ ಕುಸುಬಿ ಇರಲಿಲ್ಲ. ಕಳ್ಳಕವಟಗಿಯಲ್ಲಿ ನಮ್ಮ ಸೋದರತ್ತೆ ಇನ್ನೂ ಬಿತ್ತುತ್ತಾಳೆ, ಹೇಳಿದ್ದರೆ ಕಳಿಸುತ್ತಿದ್ದಳು. ಹೇಳಲಿಲ್ಲ. ಇವತ್ತು ನಾಳೆ ಎಂದು ಹಬ್ಬ ಬಂದೇಬಿಟ್ಟಿತು. ಮುಂಜಾನೆ ಹಿಂಡಿದ ಹಾಲು ಒಲೆಯ ಪಕ್ಕದಲ್ಲಿ ತಪ್ಪಲೆ ತುಂಬ ಇತ್ತು. ಅವನು ತೆಳ್ಳಗಾಗಿದ್ದಾನೆ, ಒಂದು ಬಟ್ಟಲು ಹಾಲು ಹೊಟ್ಟೆಗೆ ಹೋದರೆ ಏನು ಪಾಪ ಎಂದುಕೊಂಡೆ. ನೀರು ಬೆರೆಸಿ ತೆಳ್ಳಗೆ ಮಾಡಿ ಹುಗ್ಗಿಗೆ ಸುರಿದೆ. ಕೆನೆಯನ್ನು ಜಾಣತನದಿಂದ ತೆಗೆದಿಟ್ಟೆ.

ಆ ಹಬ್ಬದ ಊಟ ಹೊಲದಲ್ಲೇ. ಬನ್ನಿಗಿಡದ ಕೆಳಗೆ ಅವನು ತಾಟು ನೆಕ್ಕುವ ಹಾಗೆ ಉಂಡ. ಇನ್ನಷ್ಟು ಕೇಳಿದ. ಅವ್ವನ ಕೈ ನಿನಗೇ ಬಂದಿದೆ ಎಂದ. ನಾನು ಹಾಲು ಸುರಿದದ್ದನ್ನು ಕಂಡಿದ್ದ ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನನ್ನ ಕಡೆ ನೋಡಿದರು, ನಾನೂ ಅವರನ್ನು ನೋಡಿ ನಕ್ಕೆ. ಆ ನಗುವನ್ನು ನೆನೆದಾಗಲೆಲ್ಲ ಆ ಎಮ್ಮೆ ಕಣ್ಣು ಮುಚ್ಚಿ ತೊಗಲು ನೆಕ್ಕುತ್ತಿದ್ದದ್ದು ನೆನಪಾಗುತ್ತದೆ.

ಉಳಿದದ್ದನ್ನು ಡಬ್ಬಿಗೆ ಹಾಕಿ ಕಳಿಸಿದೆ. ಸಿಕ್ಕಿಬಿದ್ದದ್ದು ಅಲ್ಲಿಯೇ. ಕುಸುಬಿ ಹಾಲಿಗೆ ಕೆನೆ ಕಟ್ಟುವುದಿಲ್ಲ, ಚಳಿಯಲ್ಲಿಟ್ಟರೂ ಜಿಡ್ಡು ಹೆಪ್ಪಾಗುವುದಿಲ್ಲ. ಮರುದಿನ ಮುಂಜಾನೆ ಅವನು ಮುಚ್ಚಳ ತೆಗೆದಾಗ ಹುಗ್ಗಿಯ ಮೇಲೆ ಬೆಳ್ಳಗೆ ಪದರು ಬಿಗಿದಿತ್ತು. ಫೋನು ಮಾಡಿದ. ಬೈಯಲಿಲ್ಲ, ಇದು ಏನು ಎಂದಷ್ಟೇ ಕೇಳಿದ.

ಆಗಲಾದರೂ ಹೇಳಬಹುದಿತ್ತು. “ಡಬ್ಬಿ ಜಿಡ್ಡಿತ್ತೇನೋ, ತಮ್ಮಾ,” ಎಂದೆ.

“ಇರಬೇಕ ಬಿಡಕ್ಕಾ,” ಎಂದು ಅವನು ಫೋನು ಇಟ್ಟುಬಿಟ್ಟ.

ಡಬ್ಬಿ ಮರಳಿ ಬಂತು, ಚೆನ್ನಾಗಿ ತೊಳೆದದ್ದು, ಬರಿದು. ನಮ್ಮಲ್ಲಿ ಬರಿ ಡಬ್ಬಿ ಯಾರೂ ಮರಳಿಸುವುದಿಲ್ಲ, ಒಂದು ಹರಳು ಸಕ್ಕರೆಯನ್ನಾದರೂ ಹಾಕಿರುತ್ತಾರೆ. ಅಂದಿನಿಂದ ಅವನ ಹೊಟ್ಟೆ ನಮ್ಮ ಮನೆಯಲ್ಲಿ ತುಂಬಿಯೇ ಇರುತ್ತದೆ.

ಹಾಲು ಕುಡಿಯುವುದು ಪಾಪವೇ ಎಂದು ನನ್ನನ್ನು ಕೇಳಿದರೆ ನನಗೆ ಗೊತ್ತಿಲ್ಲ. ನಾನು ಇಂದಿಗೂ ಎಮ್ಮೆ ಹಿಂಡುತ್ತೇನೆ, ಚಹಾ ಕುಡಿಯುತ್ತೇನೆ. ಅವ್ವ ಒಂದು ಮೊಲೆಯನ್ನು ಕರುವಿಗೆ ಬಿಡು ಎನ್ನುತ್ತಿದ್ದಳು. ಈ ಮನೆಗೆ ಬಂದ ಮೇಲೆ ಅದನ್ನು ಮರೆತಿದ್ದೆ, ಈಗ ಮತ್ತೆ ಬಿಡುತ್ತೇನೆ. ಕ್ಯಾನಿನಲ್ಲಿ ಹಾಲು ಕಡಿಮೆಯಾಯಿತು ಎಂದು ಅತ್ತೆ ಗೊಣಗುತ್ತಾರೆ. ಆದರೆ ನನ್ನನ್ನು ತಿನ್ನುವುದು ಹಾಲಲ್ಲ. ಒಬ್ಬ ಹುಡುಗ ಒಂದು ಮೂಕ ಪ್ರಾಣಿಗಾಗಿ ಬಾಯಿ ಕಟ್ಟಿದ್ದ, ಅದನ್ನು ದೊಡ್ಡವನಾದ ಮೇಲೂ ಯಾರಿಗೂ ಉಪದೇಶ ಮಾಡದೆ ನಡೆಸಿಕೊಂಡು ಬಂದಿದ್ದ. ಅವನು ಅನುಮಾನವಿಲ್ಲದೆ ಉಣ್ಣುತ್ತಿದ್ದ ಕೈ ಒಂದೇ ಇತ್ತು.

ಕಳೆದ ಹಿಂಗಾರಿಗೆ ಜೋಳದ ಬದುವಿಗೆ ಎರಡು ಸಾಲು ಕುಸುಬಿ ಬಿತ್ತಿಸಿದೆ. ಗಂಡ ಹುಚ್ಚು ಎಂದರು. ಕೈಗೆ ಹಳೆಯ ಅರಿವೆ ಸುತ್ತಿಕೊಂಡು ನಾನೇ ಕಿತ್ತೆ, ಬಡಿದೆ, ತೂರಿದೆ. ಒಂದು ಚೀಲದಲ್ಲಿ ಕಾಳು ಕಟ್ಟಿಕೊಂಡು ವಿಜಯಪುರದ ಬಸ್ಸು ಹತ್ತಿದೆ.

ಅವನ ಹೆಂಡತಿ ತವರಿಗೆ ಹೋಗಿದ್ದಳು, ಅವನೊಬ್ಬನೇ ಇದ್ದ. ಚೀಲ ಬಿಚ್ಚಿ ಕಾಳನ್ನು ಅಂಗೈಯಲ್ಲಿ ಹಿಡಿದು ನೋಡಿದ. ನಾನು ನಿಂತೇ ಇದ್ದೆ.

“ಅವತ್ತ ಎಮ್ಮಿ ಹಾಲ ಹಾಕಿದ್ದೆ,” ಎಂದೆ. “ಡಬ್ಬಿ ಜಿಡ್ಡ ಇರಲಿಲ್ಲ. ಅದೂ ಸುಳ್ಳ.”

“ಗೊತ್ತೈತಿ, ಯಕ್ಕಾ.”

“ನಿನ್ನ ಮುಂದ ಮಾಡ್ತೀನಿ. ನೀ ನೋಡ್ಕೋತ ಕುಂಡ್ರು.”

“ಬ್ಯಾಡ. ನೀ ಕುಂಡ್ರು, ನಾ ಮಾಡ್ತೀನಿ.”

ಸಿಟ್ಟಿನಿಂದ ಹೇಳಲಿಲ್ಲ. ಅದೇ ನನಗೆ ಕಷ್ಟವಾಯಿತು. ಮಿಕ್ಸರಿನಲ್ಲಿ ಅರೆದು, ಅರಿವೆಯಲ್ಲಿ ಅವನೇ ಹಿಂಡಿದ. ಗಂಡಸಿನ ಕೈ, ಅರ್ಧ ಹಾಲು ಅರಿವೆಯಲ್ಲೇ ಉಳಿಯಿತು. ನಾನು ಕೈ ಕಟ್ಟಿಕೊಂಡು ಕೂತೆ. ಹುಗ್ಗಿ ಇಳಿಸಿ ಮೊದಲು ನನಗೆ ಬಡಿಸಿ, ಹೇಗಾಗಿದೆ ಎಂದು ಕೇಳಿದ. ಚಲೋ ಆಗಿದೆ ಎನ್ನಲು ಬಾಯಿ ತೆರೆದವಳು ತಡೆದುಕೊಂಡೆ.

“ಬೆಲ್ಲ ಕಮ್ಮಿ ಆಗೇತಿ,” ಎಂದೆ.

ಅವನು ನನ್ನನ್ನು ನೋಡಿದ. ಎದ್ದು ಬೆಲ್ಲದ ಡಬ್ಬಿ ತಂದು ನನ್ನ ಮುಂದೆ ಇಟ್ಟ, ತನ್ನ ತಾಟನ್ನೂ ಸರಿಸಿದ. ನಾನು ಬೆಲ್ಲ ಪುಡಿ ಮಾಡಿ ಹಾಕಿದೆ. ನನ್ನ ಬೆರಳನ್ನು ನೋಡುತ್ತಲೇ ಇದ್ದ, ಆಮೇಲೆ ಕಲಸಿಕೊಂಡು ಉಂಡ.

ನಿಡೋಣಿಗೆ ಊಟಕ್ಕೆ ಬಾ ಎಂದು ಕರೆಯಲು ನನಗೆ ಧೈರ್ಯ ಬರಲಿಲ್ಲ. ಬರುತ್ತೇನೆ ಎಂದು ಅವನೂ ಹೇಳಲಿಲ್ಲ. ಬಸ್ಸು ಹತ್ತಿಸುವಾಗ, ಮುಂದಿನ ಬಿತ್ತನೆಗೆ ಕಾಳು ಎತ್ತಿಟ್ಟಿದ್ದೀಯಾ ಎಂದು ಮಾತ್ರ ಕೇಳಿದ. ಎತ್ತಿಟ್ಟಿದ್ದೇನೆ ಎಂದೆ. ಅದು ಖರೆ.