ಇಂಗ್ಲಿಷಿನ ಏಕವಚನ

ನಮ್ಮ ಮನೆಮಾತು ತೆಲುಗು. ಅಪ್ಪನದು ಕಲ್ಲು ಒಡೆಯುವ ಕೆಲಸ. ನಾನು ಹುಟ್ಟುವ ಮೊದಲೇ ಅವರು ಸುಳ್ಯದ ಹತ್ತಿರದ ಅರಂತೋಡಿಗೆ ಬಂದು, ತೋಟದ ಬಾವಿಗಳಿಗೆ, ರಸ್ತೆ ಬದಿಯ ಗೋಡೆಗಳಿಗೆ ಕಲ್ಲು ಕಟ್ಟುತ್ತ ಇಲ್ಲಿಯವರೇ ಆದರು. ಹಾಗೆಂದು ನಾವು ಹೇಳಿಕೊಳ್ಳುವುದು, ಅಷ್ಟೇ. ಕೆಲಸ ಕೊಡುವವರು ಇವತ್ತಿಗೂ "ಕಲ್ಲಿನವ ಬಂದಿದ್ದಾನೆ, ಅವನಿಗೆ ಚಾ ಕೊಡು" ಎನ್ನುತ್ತಾರೆ. ಅಪ್ಪನ ಮಗನಾಗುವಷ್ಟು ವಯಸ್ಸಿನವರೂ ಹಾಗೆಯೇ.

ಮನೆಯೊಳಗೆ ಆ ಏಕವಚನ ನಡೆಯುತ್ತಿರಲಿಲ್ಲ. ಚಿಕ್ಕಂದಿನಲ್ಲಿ ನಾನು "ನಾನ್ನ ವಚ್ಚಾಡು", ಅಪ್ಪ ಬಂದ, ಎಂದರೆ ಅಮ್ಮ ಬಾಯಿಗೆ ಹೊಡೆಯುತ್ತಿದ್ದಳು. "ವಚ್ಚಾರು", ಬಂದರು, ಎನ್ನಬೇಕು. ಅವಳ ಬಗ್ಗೆ ಹೇಳುವಾಗ ಮಾತ್ರ "ವಚ್ಚಿಂದಿ", ಬಂತು, ಎಂದರೆ ಸಾಕಿತ್ತು. ತೆಲುಗಿನಲ್ಲಿ ಹಸು ಬಂದರೂ ಅದೇ ಕ್ರಿಯಾಪದ. ಅದಕ್ಕೆ ಅವಳ ತಕರಾರಿರಲಿಲ್ಲ. ಹೊರಗೆ ಸಿಗದ ಬಹುವಚನ ಗಂಡನಿಗೆ ಮನೆಯಲ್ಲಾದರೂ ಸಿಗಲಿ ಎಂಬುದು ಅವಳ ಹಟ.

ನಾನು ಕಡಬದ ಆಚೆ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಆಯಾ. ಮಕ್ಕಳ ಮೂಗು ಒರೆಸುವುದು, ಟಿಫಿನ್ ಡಬ್ಬಿಯ ಮುಚ್ಚಳ ತೆಗೆದುಕೊಡುವುದು. ಡಿಗ್ರಿ ಆಗಿದೆ, ನರ್ಸರಿ ಟೀಚರ್ ತರಬೇತಿಯೂ ಆಗಿದೆ, ಇಂಗ್ಲಿಷ್ ಇಲ್ಲ. ಯುಕೆಜಿಗೆ ಟೀಚರ್ ಬೇಕಾದಾಗ ಪ್ರಿನ್ಸಿಪಾಲರು, "ನೀವೂ ಇಂಟರ್‌ವ್ಯೂಗೆ ಬನ್ನಿ, ಆದ್ರೆ ಇಂಗ್ಲಿಷಲ್ಲೇ ಮಾತಾಡ್ಬೇಕು" ಎಂದರು. ಆಯಾ ಆಗಿಯೇ ಮುದುಕಿಯಾಗುವುದು ತಪ್ಪಿದರೆ ಸಾಕೆಂದು ಪುತ್ತೂರು ದರ್ಬೆಯ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರಿದೆ.

ಅಲ್ಲಿ ಶುರುವಾಯಿತು ನನ್ನ ಗ್ರಹಚಾರ. "ಮೈ ಮದರ್ ಈಸ್" ಸಲೀಸು. ಅಪ್ಪನ ಸರದಿ ಬಂದರೆ "ಮೈ ಫಾದರ್ ಆರ್."

"ಎಂತ ಮಾರಾಯ್ರೆ, ನಿಮಗೆ ಅಪ್ಪ ಎಷ್ಟು ಮಂದಿ?" ಎಂದರು ಕ್ಲಾಸಿನ ಮೇಡಂ. "ಇಂಗ್ಲಿಷಲ್ಲಿ ಮರ್ಯಾದೆ ಹಾಗೆ ಕೊಡುದಲ್ಲ. ಒಬ್ರು ಅಂದ್ರೆ ಈಸ್. ರಾಜ ಆದ್ರೂ ಈಸ್."

ಎಲ್ಲರೂ ನಕ್ಕರು. ಮನೆಯಲ್ಲಿ ಅಪ್ಪ ಉಣ್ಣುವಾಗ ಎದುರು ಕೂತು "ಮೈ ಫಾದರ್ ಈಸ್ ಈಟಿಂಗ್" ಎಂದು ಬಾಯಿಪಾಠ ಮಾಡಿದೆ. ಮಗಳು ತನ್ನ ಬಗ್ಗೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದಾಳೆಂದು ಅವರು ಸಂಕೋಚದಿಂದ ನಕ್ಕು, ನೆಟ್ಟಗೆ ಕೂತು ಉಂಡರು. ನನಗೆ ಅಳು ಬಂತು.

ಇಂಟರ್‌ವ್ಯೂನಲ್ಲಿ ಮೊದಲು ಕೇಳಿದ್ದೇ ಅಪ್ಪನ ಬಗ್ಗೆ. "ಮೈ ಫಾದರ್ ಈಸ್ ಎ ಸ್ಟೋನ್ ಕಟರ್. ಹೀ ವರ್ಕ್ಸ್ ಇನ್ ಸುಳ್ಯ." ಒಂದು ಎಸ್ ಕೂಡ ಬಿಡಲಿಲ್ಲ. ಪ್ರಿನ್ಸಿಪಾಲರು ತಲೆಯಾಡಿಸಿ, ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ಶಾಲೆಯ ಸಂಚಾಲಕರನ್ನು ತೋರಿಸಿ, ಸರ್ ಈಗ ಏನು ಮಾಡುತ್ತಿದ್ದಾರೆ, ಇಂಗ್ಲಿಷಿನಲ್ಲಿ ಹೇಳಿ ಎಂದರು.

"ಸರ್ ಆರ್ ಡ್ರಿಂಕಿಂಗ್ ಟೀ."

ಇನ್ನೊಮ್ಮೆ ಹೇಳಿ ಎಂದರು. ನಿಯಮ ನನಗೆ ಗೊತ್ತಿತ್ತು. ಸಂಚಾಲಕರ ಮುಖ ನೋಡಿದೆ. ಕೂತ ಕುರ್ಚಿ ನೋಡಿದೆ. ಬಾಯಿಂದ ಮತ್ತೆ "ಆರ್" ಎಂದೇ ಬಂತು.

"ಮಕ್ಕಳೂ ಇದನ್ನೇ ಕಲೀತಾರಲ್ವಾ?" ಎಂದರು ಪ್ರಿನ್ಸಿಪಾಲರು. ಬೈಯಲಿಲ್ಲ. ಸೋಮವಾರ ಎಂದಿನಂತೆ ಡಬ್ಬಿ ತೆಗೆಯಲು ಬರಬೇಕು ಎಂಬುದು ಹೇಳದೆಯೇ ಗೊತ್ತಾಯಿತು. ಬಸ್ಸಿನಲ್ಲಿ ಕೂತಾಗ ನಾಚಿಕೆಗಿಂತ ಹೆಚ್ಚು ಸಿಟ್ಟು ಬಂತು, ನನ್ನದೇ ನಾಲಗೆಯ ಮೇಲೆ.

ಮನೆಗೆ ಬಂದಾಗ ಅಪ್ಪ ಅಂಗಳದಲ್ಲಿದ್ದರು.

"ನನ್ನ ವಿಷಯ ಕೇಳಿದರಾ?" ಎಂದರು ತೆಲುಗಿನಲ್ಲಿ.

"ಕೇಳಿದರು. ಅದೊಂದನ್ನು ತಪ್ಪಿಲ್ಲದೆ ಹೇಳಿದೆ" ಎಂದೆ.

ಅವರಿಗೆ ತುಂಬ ಖುಷಿಯಾಯಿತು.