ಚರಂಡಿಯಾಚೆಯ ಕಾಂತಮ್ಮ

"ಎಷ್ಟು ಸಲ ಹೇಳೋದು ಆಂಟಿ? ನಿಮ್ಮ ಡಿ ಬ್ಲಾಕ್ ನಮ್ಮದಲ್ಲ. ಚರಂಡಿ ದಾಟಿದ್ರೆ ಬೇರೆ ಕ್ಷೇತ್ರ. ಅಲ್ಲಿನ ಎಂಪಿ ಹತ್ರ ಹೋಗಿ ಕೇಳಿ."

"ಹೋಗಿದ್ದೆ ತಂಬಿ. 'ನೀನು ಕೆಲಸ ಮಾಡೋದು ಆ ಎಂಪಿ ಆಫೀಸಲ್ಲಿ, ಕೆಟ್ಟ ಲಿಫ್ಟನ್ನೂ ಅವರ್ನೇ ಕೇಳು' ಅಂದ್ರು."

"ಅದಕ್ಕೆ ನಾನೇನ್ ಮಾಡ್ಲಿ? ನೀವು ನಮ್ಮ ವೋಟರ್ ಅಲ್ಲ ಲಾ."

"ವೋಟರ್ ಅಲ್ದೋಳು ಒರೆಸಿದ ನೆಲದ ಮೇಲೆ ನಿಂತಿದೀಯ. ಕಾಲು ಎತ್ತು."

ಸಂಸದರ ಸಹಾಯಕ ಕೀರ್ತಿರಾಜ್ ನಿಜವಾಗಿಯೂ ಕಾಲು ಎತ್ತುತ್ತಾನೆ. ಕಾಂತಮ್ಮ ಅವನ ಬೂಟಿನ ಗುರುತನ್ನು ಒರೆಸಿ, ಕೋಲಿನ ತುದಿಯ ಬಟ್ಟೆಯನ್ನು ಬಕೆಟ್ಟಿಗೆ ಅದ್ದುತ್ತಾರೆ. ಹೊರಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ.

ಇದು ಬುಕಿತ್ ಮೆರಂತಿ ಕ್ಷೇತ್ರದ ಸಂಸದರ ಸೇವಾ ಕೇಂದ್ರ. ಮಲಯರ ನಾಡಿನಲ್ಲಿ, ಸುಬಾಂಗ್ ಜಯಾ ಪಟ್ಟಣದಿಂದ ಸ್ವಲ್ಪ ದೂರ, ಸಾಲು ಮಳಿಗೆಗಳ ನಡುವೆ ಒಂದು ಮಳಿಗೆ. ಅರವತ್ತು ದಾಟಿದ ಕಾಂತಮ್ಮ ಇಲ್ಲಿನ ಶಟರ್ ಎತ್ತುತ್ತಾರೆ, ಗುಡಿಸುತ್ತಾರೆ, ಒರೆಸುತ್ತಾರೆ. ಕಾರ್ಖಾನೆಯ ಪಾಳಿಗೆ ಹೋಗುವ ಮುಂಚೆ ಅರ್ಜಿ ಹಿಡಿದು ಬಂದು ಕೂರುವವರಿಗೆ ಹಾಲಿಲ್ಲದ ಚಹಾ ಕೊಡುತ್ತಾರೆ. ಕೇಂದ್ರ ತೆರೆಯುವುದು ಒಂಬತ್ತಕ್ಕೆ ಎಂದು ಬಾಗಿಲ ಮೇಲೆ ಬರೆದಿದೆ. "ಒಂಬತ್ತಕ್ಕೆ ಬರೋಕೆ ಅವ್ರೇನು ಸಾಹೇಬ್ರಾ?" ಎಂದು ಕಾಂತಮ್ಮ ಕತ್ತಲಲ್ಲೇ ತೆರೆಯುತ್ತಾರೆ. ಹಾಗೆ ಮಾಡಲು ಯಾರೂ ಹೇಳಿಲ್ಲ, ಅದಕ್ಕೆ ಹೆಚ್ಚಿನ ಸಂಬಳವನ್ನೂ ಯಾರೂ ಕೊಟ್ಟಿಲ್ಲ.

ಅವರನ್ನು ಕೆಲಸಕ್ಕೆ ಇಟ್ಟವನು ಮಳಿಗೆಯ ಮಾಲೀಕ. ಹೀಗಾಗಿ ಯಾವ ಪಕ್ಷ ಗೆದ್ದು ಮಳಿಗೆ ಹಿಡಿದರೂ ಜೊತೆಗೆ ಕಾಂತಮ್ಮನೂ ಸಿಗುತ್ತಾರೆ. ಮೊದಲು ಆಳುವ ಒಕ್ಕೂಟದವರಿದ್ದರು. ಆಮೇಲೆ ಅವರನ್ನು ಸೋಲಿಸಿದವರು ಬಂದರು. ಗೆದ್ದ ಮೇಲೆ ಪಕ್ಷ ಬಿಟ್ಟು ಸೋತವರ ಜೊತೆ ಕೂತವರೂ ಬಂದರು. ಈಗಿನವರು ಹೊಸಬರು. ಪ್ರತಿ ಸಲ ಹಳೆಯ ಸಂಸದರ ಪಟ ಇಳಿಸಿ ಹೊಸದನ್ನು ತೂಗುಹಾಕುವುದು ಕಾಂತಮ್ಮನ ಕೆಲಸ. "ಮೊಳೆ ನಾನೇ ಹೊಡ್ದಿದ್ದು. ಅದನ್ನ ಮಾತ್ರ ಯಾರೂ ಸೋಲಿಸಿಲ್ಲ" ಎನ್ನುತ್ತಾರೆ.

ಬುಕಿತ್ ಮೆರಂತಿಯ ಕಥೆ ಕಾಂತಮ್ಮನ ಮನೆತನದ ಕಥೆಯೂ ಹೌದು. ಅವರ ಅಜ್ಜ ಹೊಸೂರು ಸೀಮೆಯಿಂದ ರಬ್ಬರ್ ಹಾಲು ಇಳಿಸಲು ಹಡಗು ಹತ್ತಿ ಬಂದವರು. ಮನೆಯೊಳಗೆ ಕನ್ನಡ, ತೋಟದ ಕೂಲಿ ಲೈನಿನಲ್ಲಿ ತಮಿಳು, ಅಂಗಡಿಯಲ್ಲಿ ಮಲಯ್. ಆಗ ಈ ಕ್ಷೇತ್ರವೆಂದರೆ ಹೊಳೆದಂಡೆಯ ಮಲಯ್ ಹಳ್ಳಿಗಳು, ತವರದ ಗಣಿಯ ಪಕ್ಕದ ಚೀನೀಯರ ಊರು, ನಡುವೆ ರಬ್ಬರ್ ತೋಟ. ಮಲಯರ ಓಟು ಒಂದು ಕಡೆ, ಚೀನೀಯರದು ಇನ್ನೊಂದು ಕಡೆ ಬಿದ್ದರೆ ಗೆಲ್ಲುವವರು ಯಾರೆಂದು ತೀರ್ಮಾನ ಮಾಡುತ್ತಿದ್ದುದು ತೋಟದ ಕೂಲಿಗಳು. ಚುನಾವಣೆ ಬಂದರೆ ದೊಡ್ಡ ಮನುಷ್ಯರು ಲೈನ್ ಮನೆಗಳ ಮುಂದೆ ಚಾಪೆಯ ಮೇಲೆ ಕೂತು ಉಣ್ಣುತ್ತಿದ್ದರು.

ತೋಟ ಮಾರಾಟವಾಯಿತು. ಮರ ಕಡಿದು ಬಡಾವಣೆ ಕಟ್ಟಿದರು, ಗಾಲ್ಫ್ ಮೈದಾನ ಮಾಡಿದರು. ಕೂಲಿಗಳನ್ನು ತಗಡಿನ ಮನೆಗಳಿಗೆ ಅಟ್ಟಿ, ವರ್ಷಗಟ್ಟಲೆ ಬೇಯಿಸಿ, ಕೊನೆಗೆ ಫ್ಲ್ಯಾಟುಗಳೆಂಬ ಪೆಟ್ಟಿಗೆಗಳಲ್ಲಿ ತುಂಬಿದರು. ಅಷ್ಟಕ್ಕೇ ಬಿಟ್ಟರೇ? ಜನ ಒಟ್ಟಿಗೆ ಇದ್ದರಲ್ಲ, ಒಟ್ಟಿಗೆ ಓಟು ಹಾಕಿ ಒಮ್ಮೆ ಈ ಕ್ಷೇತ್ರದಲ್ಲಿ ಆಳುವವರ ಅಭ್ಯರ್ಥಿಯನ್ನೇ ಕೆಡವಿದರಲ್ಲ, ಅದು ಆಳುವವರ ಕಣ್ಣಿಗೆ ಬಿತ್ತು. ಮುಂದಿನ ಸಲ ಕ್ಷೇತ್ರದ ಗಡಿ ಬದಲಾಯಿತು. ಹೊಸ ಗಡಿ ಹಾದುಹೋದದ್ದು ಫ್ಲ್ಯಾಟುಗಳ ನಡುವಿನ ಚರಂಡಿಯ ಮೇಲೆ. ಈಚೆಯ ಮೂರು ಬ್ಲಾಕು ಬುಕಿತ್ ಮೆರಂತಿಯಲ್ಲೇ ಉಳಿದವು. ಆಚೆಯ ಡಿ ಬ್ಲಾಕನ್ನು ಹೆದ್ದಾರಿಯಾಚೆಯ ದೊಡ್ಡ ಕ್ಷೇತ್ರಕ್ಕೆ ಎಸೆದರು. ಅಲ್ಲಿ ಆ ಒಂದು ಬ್ಲಾಕಿನ ಓಟು ಯಾವ ಲೆಕ್ಕಕ್ಕೂ ಇಲ್ಲ. ಲೆಕ್ಕಕ್ಕೆ ಬರಬಾರದೆಂದೇ ಎಸೆದದ್ದು. ಇದಕ್ಕೆ ಗಡಿ ಪರಿಷ್ಕರಣೆ ಎಂಬ ಮರ್ಯಾದೆಯ ಹೆಸರು ಬೇರೆ.

ಆ ಚುನಾವಣೆಯ ದಿನ ಕಾಂತಮ್ಮ ಹೊಸ ಸೀರೆಯುಟ್ಟು ಎಂದಿನ ಶಾಲೆಗೆ ಹೋದರು. ಇಲ್ಲಿ ಓಟಿನ ಸಾಲನ್ನೂ ವಯಸ್ಸಿನ ಪ್ರಕಾರ ಮಾಡುತ್ತಾರೆ, ಮುದುಕರಿಗೆ ಮೊದಲ ಕೋಣೆ. ತೋಟದ ಕಾಲದ ಗೆಳತಿಯರೆಲ್ಲ ಒಂದೇ ಸಾಲಿನಲ್ಲಿ ಸಿಗುವ ದಿನ ಅದು. ಡಬ್ಬಿಯಲ್ಲಿ ಮುರುಕು, ಅಂದರೆ ಚಕ್ಕುಲಿ, ತುಂಬಿಕೊಂಡು ಹೋಗುವುದು ರೂಢಿ. ಆ ಸಲ ಬಾಗಿಲಲ್ಲೇ ತಡೆದರು. ನಿಮ್ಮದು ಇಲ್ಲಲ್ಲ, ಹೆದ್ದಾರಿಯಾಚೆಯ ಶಾಲೆ ಎಂದರು. "ಮುರುಕು ಕೊಟ್ಬಿಟ್ಟು ಬಂದೆ. ಅವ್ರ್ಯಾಕೆ ಉಪವಾಸ ಇರ್ಬೇಕು?" ಎಂದು ಕಾಂತಮ್ಮ ನಗುತ್ತಾರೆ. ಕೇಳಿದವರಿಗೆ ನಗು ಬರುವುದಿಲ್ಲ.

ಅವರ ಗಂಡ ಮುನಿಯಪ್ಪ ಡಿ ಬ್ಲಾಕಿನ ಒಂಬತ್ತನೇ ಮಹಡಿಯಲ್ಲಿದ್ದಾರೆ. ಸಕ್ಕರೆ ಕಾಯಿಲೆ ಒಂದು ಕಾಲು ತೆಗೆದುಕೊಂಡಿದೆ, ಈಗ ಕಿಡ್ನಿಗೆ ಕೈ ಹಾಕಿದೆ. ರಕ್ತ ಶುದ್ಧಿ ಮಾಡಿಸಲು ವಾರವಾರವೂ ಆಸ್ಪತ್ರೆಗೆ ಹೋಗಬೇಕು. ಲಿಫ್ಟ್ ಕೆಟ್ಟು ತಿಂಗಳುಗಳಾಗಿವೆ. ನೆರೆಯ ಹುಡುಗರು ಪ್ಲಾಸ್ಟಿಕ್ ಕುರ್ಚಿಗೆ ಅವರನ್ನು ಕಟ್ಟಿ ಮೆಟ್ಟಿಲಿಳಿಸುತ್ತಾರೆ. ಲಿಫ್ಟ್ ದುರಸ್ತಿಗೆ ಸಂಸದರ ಶಿಫಾರಸು ಪತ್ರ ಬೇಕು. ಇಬ್ಬರು ಸಂಸದರು, ಪತ್ರ ಮಾತ್ರ ಇಲ್ಲ.

"ನಂಗೆ ದೊಡ್ಡ ಆಸೆ ಇಲ್ಲಪ್ಪ. ನಮ್ಮನೆಯವ್ರು ಆಸ್ಪತ್ರೆಗಲ್ದೆ ಒಂದಿನ ಸುಮ್ನೆ ಕೆಳಗಿಳೀಲಿ. ಮಾಮಕ್ ಅಂಗಡೀಲಿ ಕೂತು ಟೀ ಕುಡೀಲಿ. ಇಳಿಸಿದವ್ರಿಗೆಲ್ಲ ಕೈ ಮುಗಿದು ಮುಗಿದು ಅವ್ರಿಗೆ ಸಾಕಾಗೋಗಿದೆ."

ಇವತ್ತು ಕೇಂದ್ರದಲ್ಲಿ ಸಂಸದರ ಕಾರ್ಯಕ್ರಮ. ಅಂಗವಿಕಲರಿಗೆ ಗಾಲಿಕುರ್ಚಿ ಹಂಚುತ್ತಾರೆ. ಬ್ಯಾನರ್ ಕಟ್ಟಲೆಂದೇ ಕೀರ್ತಿರಾಜ್ ಇಷ್ಟು ಬೇಗ ಬಂದಿರುವುದು. ಉಡುಪಿ ಕಡೆಯ ತಂದೆಗೆ ಇಲ್ಲೇ ಹುಟ್ಟಿದ ಮಗ. ಕೆಟ್ಟವನಲ್ಲ. ಜಗಳ ತಣ್ಣಗಾದ ಮೇಲೆ ತಾನೇ ಹತ್ತಿರ ಬರುತ್ತಾನೆ.

"ಆಂಟಿ, ಕೋಪ ಮಾಡ್ಬೇಡಿ. ಅಂಕಲ್‌ಗೆ ಒಂದು ವೀಲ್‌ಚೇರ್ ಎತ್ತಿಟ್ಟಿದೀನಿ. ನೀವು ನಮ್ಮ ಸ್ಟಾಫ್ ಅಲ್ವಾ, ಸ್ಪೆಷಲ್ ಕೇಸ್. ಹತ್ತು ಗಂಟೆಗೆ ಕೆಳಗೆ ಕರ್ಕೊಂಡ್ ಬನ್ನಿ, ಎಂಪಿ ಜೊತೆ ಒಂದು ಫೋಟೋ."

ಕಾಂತಮ್ಮ ಹೊಳೆಯುವ ಗಾಲಿಕುರ್ಚಿಯನ್ನು ನೋಡುತ್ತಾರೆ. ಒಂದು ಗಾಲಿಯನ್ನು ಕಾಲಿನಿಂದ ಉರುಳಿಸಿ ನೋಡುತ್ತಾರೆ.

"ಲಿಫ್ಟ್ ಕೇಳಿದ್ರೆ ನಿಮ್ಮೋಳಲ್ಲ. ಫೋಟೋಗೆ ನಿಮ್ಮೋಳು."

"ಹಾಗಲ್ಲ ಆಂಟಿ..."

"ಇದು ಮೆಟ್ಲು ಹತ್ತುತ್ತಾ ತಂಬಿ?"

ಕೀರ್ತಿರಾಜ್ ಬ್ಯಾನರಿನ ದಾರ ಬಿಗಿಯುತ್ತಾನೆ.

ಕಾಂತಮ್ಮ ಬಕೆಟ್ಟಿನ ನೀರು ಚೆಲ್ಲಿ ಬರುತ್ತಾರೆ. ಒರೆಸುವ ಬಟ್ಟೆ ಹಿಂಡಿ ಒಣಗಹಾಕುತ್ತಾರೆ. ಬೆಂಚಿನಲ್ಲಿ ಕೂತವರ ಲೋಟಗಳಿಗೆ ಉಳಿದ ಚಹಾ ಪೂರ್ತಿ ಬಗ್ಗಿಸುತ್ತಾರೆ. ಸೊಂಟದಿಂದ ಶಟರಿನ ಬೀಗದ ಕೈ ತೆಗೆದು ಗಾಲಿಕುರ್ಚಿಯ ಸೀಟಿನ ಮೇಲಿಡುತ್ತಾರೆ. "ನೆಲ ಒಣಗೋವರೆಗೂ ಯಾರಿಗೂ ತುಳಿಯೋಕೆ ಬಿಡ್ಬೇಡ. ನಾನು ಒರೆಸಿದ ನೆಲದಲ್ಲಿ ಇದುವರೆಗೆ ಯಾರೂ ಜಾರಿ ಬಿದ್ದಿಲ್ಲ" ಎಂದಷ್ಟೇ ಹೇಳಿ ಹೊರಡುತ್ತಾರೆ. ಫ್ಲ್ಯಾಟುಗಳ ಹಿಂದೆ ಚರಂಡಿಗೆ ಅಡ್ಡ ಹಾಕಿದ ಹಲಗೆ ದಾಟಿ ಆಚೆಗೆ ಹೋಗುತ್ತಾರೆ.

ಹತ್ತಕ್ಕೆ ಸಂಸದರು ಬರುತ್ತಾರೆ. ಫೋಟೋಗಳಾಗುತ್ತವೆ. ಒಂದು ಗಾಲಿಕುರ್ಚಿ ಮಿಕ್ಕುತ್ತದೆ. ಚಹಾ ಎಲ್ಲಿ ಎಂದು ಯಾರೋ ಕೇಳುತ್ತಾರೆ.

ಮರುದಿನ ಕತ್ತಲಲ್ಲೇ ಬಂದವರು ಅರ್ಜಿ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದಾರೆ. ಶಟರ್ ಇಳಿದೇ ಇದೆ. ಒಂಬತ್ತಕ್ಕೆ ಕೀರ್ತಿರಾಜ್ ಬಂದು ತೆರೆಯುತ್ತಾನೆ. ಅದರ ಮರುದಿನವೂ ಅವನೇ ತೆರೆಯುತ್ತಾನೆ.